ಹೆರಿಗೆಯಾಗಿ ಐದು ತಿಂಗಳಾದರೂ ಮೂತ್ರ ಸೋರುತ್ತಿದ್ದರೆ ಅದು ‘ಎಲ್ಲರಿಗೂ ಇದ್ದದ್ದೇ’ ಏನು?

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಹೆರಿಗೆಯಾಗಿ ಐದು ತಿಂಗಳಾದರೂ ನಿಮ್ಮ ಅಕ್ಕನಿಗೆ ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುತ್ತಿದ್ದು, “ಹೆತ್ತವರಿಗೆಲ್ಲ ಇದು ಇದ್ದದ್ದೇ” ಎಂದು ನಿಮ್ಮ ಅಮ್ಮ ಸಮಾಧಾನ ಹೇಳುತ್ತಿರುವುದು ಸರಿಯೇ ಎಂಬುದು ಒಂದು. ನಮ್ಮಂಥ ದೇಶಗಳಲ್ಲಿ ಹೆರಿಗೆ ಸುಸೂತ್ರವಾಗಿ ಆದ ಮೇಲೂ ಹೆಂಗಸರು ವರ್ಷಗಟ್ಟಲೆ ನರಳುವುದೇಕೆ ಎಂಬುದು ಇನ್ನೊಂದು. ನಾನು ವೈದ್ಯೆಯಲ್ಲ, ಉಡುಪಿ ಜಿಲ್ಲೆಯ ಉಪಕೇಂದ್ರಗಳಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಬಾಣಂತಿಯರ ಮನೆಗೆ ಹೋಗಿ ಬರುವುದೇ ನನ್ನ ಉದ್ಯೋಗವಾಗಿದ್ದುದರಿಂದ ಆ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ.

ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಈ ತೊಂದರೆ ಬಹಳ ಮಂದಿಗೆ ಇರುತ್ತದೆ ಎಂಬುದು ನಿಜ, ಆದ ಕಾರಣ ಅದಕ್ಕೆ ಚಿಕಿತ್ಸೆ ಬೇಡ ಎಂಬುದು ಸುಳ್ಳು. 2023ರ ಡಿಸೆಂಬರಿನಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೆರಿಗೆಯಿಂದಾಗಿ ದೀರ್ಘಕಾಲ ಉಳಿಯುವ ಆರೋಗ್ಯ ಸಮಸ್ಯೆಗೆ ಪ್ರತಿವರ್ಷ ಕನಿಷ್ಠ 4 ಕೋಟಿ ಮಹಿಳೆಯರು ತುತ್ತಾಗುತ್ತಾರೆ. ಹೆತ್ತವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿಗೆ ದಾಂಪತ್ಯ ಸಂಪರ್ಕದಲ್ಲಿ ನೋವು, ಶೇ. 32ರಷ್ಟು ಮಂದಿಗೆ ಸೊಂಟನೋವು, ಶೇ. 8ರಿಂದ 31ರಷ್ಟು ಮಂದಿಗೆ ಮೂತ್ರ ಸೋರಿಕೆ, ಶೇ. 19ರಷ್ಟು ಮಂದಿಗೆ ಮಲ ಅಥವಾ ವಾಯುವಿನ ಮೇಲೆ ಹಿಡಿತ ತಪ್ಪುವುದು ಕಂಡುಬರುತ್ತದೆ ಎಂದು ಅದರಲ್ಲಿದೆ. ಇವುಗಳ ಚಿಕಿತ್ಸೆಗೆ ಇರುವ ಉತ್ತಮ ಗುಣಮಟ್ಟದ ಮಾರ್ಗಸೂಚಿಗಳನ್ನು ಹುಡುಕಿದಾಗ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ತಯಾರಾದದ್ದು ಒಂದೂ ಸಿಗಲಿಲ್ಲವೆಂಬ ಮಾತೂ ಅಲ್ಲಿದೆ. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಸಿಗುತ್ತದೆ.

ಉಳಿದರ್ಧ ನಮ್ಮ ವ್ಯವಸ್ಥೆಯಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. 2018–20ರಲ್ಲಿ ಒಂದು ಲಕ್ಷ ಸಜೀವ ಜನನಕ್ಕೆ ತಾಯಂದಿರ ಮರಣ ದೇಶದಲ್ಲಿ 97, ನಮ್ಮ ರಾಜ್ಯದಲ್ಲಿ 69 ಇತ್ತು. ಇದು ದೊಡ್ಡ ಸಾಧನೆ, ಅದನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ಆದರೆ ತಾಯಿ ಬದುಕಿ ಮನೆಗೆ ಬಂದಳೆಂದರೆ ಲೆಕ್ಕ ಮುಗಿಯಿತು ಎಂಬ ಭಾವನೆ ಇಲಾಖೆಯಲ್ಲಿಯೂ ಇದೆ, ಮನೆಯಲ್ಲಿಯೂ ಇದೆ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆಯರು ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಸಲ ಹೋಗಬೇಕೆಂಬ ನಿಯಮವಿದ್ದರೂ, ಆ ಭೇಟಿ ಮುಖ್ಯವಾಗಿ ಶಿಶುವಿಗಾಗಿ. ತೂಕ, ಉಷ್ಣತೆ, ಹೊಕ್ಕುಳು, ಹಾಲು ಎಲ್ಲವನ್ನೂ ಬರೆದಾದ ಮೇಲೆ ತಾಯಿಯ ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವಗಳ ಬಗ್ಗೆ ಕೇಳುತ್ತೇವೆ. ಮೂತ್ರ ಸೋರುತ್ತದೆಯೇ ಎಂಬ ಪ್ರಶ್ನೆ ನಮ್ಮ ಕೈಯಲ್ಲಿದ್ದ ನಮೂನೆಯಲ್ಲಿ ಇರಲೇ ಇಲ್ಲ. “ಹೇಗಿದ್ದೀರಿ?” ಎಂದರೆ “ಆರಾಮ” ಎಂಬ ಉತ್ತರ ಬರುತ್ತದೆ.

ಕಾರ್ಕಳದ ಕಡೆಯ ಒಂದು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಬಾಣಂತಿಯೊಬ್ಬಳು ಮಡಚಿದ ಹಳೆಯ ಸೀರೆಯ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಬೀಡಿಯ ಮೊರ, ಪಕ್ಕದಲ್ಲಿ ಜೋಲಿಯಲ್ಲಿ ಮಗು. ಕೂತಲ್ಲಿಂದ ಏಳುವಾಗ ಆ ಸೀರೆಯನ್ನೂ ಜೊತೆಗೇ ಎತ್ತಿಕೊಂಡದ್ದು ಕಂಡು, “ಕೆಮ್ಮಿದರೆ ಬಟ್ಟೆ ಒದ್ದೆಯಾಗುತ್ತದಾ?” ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಒಳಗಿನಿಂದ ಅತ್ತೆ ಉತ್ತರ ಕೊಟ್ಟರು: “ಅದು ನನಗೂ ಉಂಟು ಸಿಸ್ಟರ್, ಇವಳ ಗಂಡ ಹುಟ್ಟಿದಾಗಿನಿಂದ.” ಇಪ್ಪತ್ತೈದು ವರ್ಷ ದಾಟಿದ ಗಂಡುಮಗನ ತಾಯಿ ಆಕೆ. ಅಷ್ಟೂ ಕಾಲ ಅದನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ನಮ್ಮ ಕರಾವಳಿಯ ಬಾಣಂತನವನ್ನು ನಾನು ಮೂಢನಂಬಿಕೆ ಎಂದು ತಳ್ಳಿಹಾಕುವವಳಲ್ಲ. ತವರುಮನೆಯ ವಿಶ್ರಾಂತಿ, ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರಿನಲ್ಲಿ ಮೀಯಿಸುವುದು, ಹೊತ್ತು ಹೊತ್ತಿಗೆ ಕುಚ್ಚಲಕ್ಕಿ ಗಂಜಿ, ಇವೆಲ್ಲ ಒಳ್ಳೆಯವೇ. ಕೆಡುಕಾಗುವುದು ನೀರು ಮತ್ತು ತರಕಾರಿಯ ಪಥ್ಯದಿಂದ. “ನೀರು ಕುಡಿದರೆ ಹೊಟ್ಟೆ ಬರುತ್ತದೆ” ಎಂದು ನೀರನ್ನು ಅಳೆದು ಕೊಟ್ಟು, “ಶೀತ” ಎಂದು ಸೊಪ್ಪು ನಿಲ್ಲಿಸಿದರೆ ಮಲಬದ್ಧತೆ ಬರುತ್ತದೆ; ತಿಣುಕಿ ತಿಣುಕಿ ಮಲ ಹೊರಹಾಕುವಾಗ ಆಗಲೇ ಸಡಿಲವಾಗಿರುವ ಕೆಳಹೊಟ್ಟೆಯ ತಳದ ಸ್ನಾಯುಗಳ ಮೇಲೆ ಒತ್ತಡ ಬೀಳುತ್ತದೆ, ಹೊಲಿಗೆಯೂ ಮಾಯುವುದಿಲ್ಲ. ಹೊಟ್ಟೆಗೆ ಬಟ್ಟೆಯನ್ನು ಉಸಿರು ಕಟ್ಟುವಷ್ಟು ಬಿಗಿಯುವುದೂ ಆ ಒತ್ತಡವನ್ನು ಕೆಳಕ್ಕೇ ತಳ್ಳುತ್ತದೆ. ಬಾಣಂತನ ಮುಗಿದ ಮರುವಾರವೇ ಮೀನಿನ ಬುಟ್ಟಿ ಹೊರುವವರಿಗೆ, ಬಾವಿಯಿಂದ ನೀರು ಸೇದುವವರಿಗೆ ಗರ್ಭಕೋಶ ಜಾರುವ ಅಪಾಯ ಹೆಚ್ಚು. ನೇಪಾಳದಲ್ಲಿ ಈ ಸಮಸ್ಯೆ ಎಷ್ಟು ವ್ಯಾಪಕವಾಗಿತ್ತೆಂದರೆ, 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಇದನ್ನು ಮಹಿಳೆಯರ ಸಂತಾನ ಆರೋಗ್ಯದ ಹಕ್ಕಿನ ಪ್ರಶ್ನೆಯೆಂದು ಪರಿಗಣಿಸಿ ಸರ್ಕಾರಕ್ಕೆ ನಿರ್ದೇಶನ ಕೊಟ್ಟಿತು.

ನಿಮ್ಮ ಅಕ್ಕನಿಗೆ ಇರುವುದು ನೀವು ವಿವರಿಸಿದಂತೆಯೇ ಆಗಿದ್ದರೆ, ಅಂದರೆ ಕೆಮ್ಮು, ಸೀನು, ನಗು, ಭಾರ ಎತ್ತುವುದು ಇವುಗಳ ಹೊತ್ತಿಗೆ ಮಾತ್ರ ಸೋರುವುದಾದರೆ, ಮೊದಲ ಚಿಕಿತ್ಸೆ ವ್ಯಾಯಾಮ. ವಾಯು ಹೊರಹೋಗದಂತೆ, ಮೂತ್ರ ಬಾರದಂತೆ ತಡೆಯುವಾಗ ಬಿಗಿಯುವ ಸ್ನಾಯುಗಳನ್ನೇ ಒಳಕ್ಕೆ, ಮೇಲಕ್ಕೆ ಎಳೆದು ಕೆಲವು ಸೆಕೆಂಡು ಹಿಡಿದು ಪೂರ್ತಿ ಸಡಿಲಿಸಬೇಕು. ಒಂದು ಹೊತ್ತಿಗೆ ಎಂಟರಿಂದ ಹತ್ತು ಸಲದಂತೆ ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಉಸಿರು ಹಿಡಿಯಬಾರದು, ಪೃಷ್ಠವನ್ನೋ ತೊಡೆಯನ್ನೋ ಬಿಗಿಯಬಾರದು, ಮೂತ್ರ ಮಾಡುತ್ತಿರುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದೂ ಬೇಡ. ಓದಿ ಕಲಿಯುವಾಗ ತಪ್ಪು ಸ್ನಾಯು ಬಿಗಿಯುವವರೇ ಹೆಚ್ಚು, ಆದ್ದರಿಂದ ಒಮ್ಮೆ ತಿಳಿದವರಿಂದ ಹೇಳಿಸಿಕೊಳ್ಳುವುದು ಮೇಲು. ಮಣಿಪಾಲ, ದೇರಳಕಟ್ಟೆಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗಗಳಿವೆ. ಮೂರು ತಿಂಗಳ ನಂತರವೂ ಗುಣ ಕಾಣದಿದ್ದರೆ ಮುಂದಿನ ಚಿಕಿತ್ಸೆಯನ್ನು ಸ್ತ್ರೀರೋಗ ತಜ್ಞರು ನಿರ್ಧರಿಸುತ್ತಾರೆ.

ಕೆಮ್ಮಿಗೂ ಭಾರಕ್ಕೂ ಸಂಬಂಧವಿಲ್ಲದೆ ಹಗಲು ರಾತ್ರಿ ಒಂದೇ ಸಮನೆ ಸೋರುತ್ತಿದ್ದರೆ ಮಾತ್ರ ವ್ಯಾಯಾಮ ಮಾಡುತ್ತಾ ಕೂರಬಾರದು. ಹೆರಿಗೆ ನೋವು ದಿನಗಟ್ಟಲೆ ಎಳೆದಾಗ ಮಗುವಿನ ತಲೆಗೂ ತಾಯಿಯ ಮೂಳೆಗೂ ನಡುವೆ ಸಿಕ್ಕಿದ ಅಂಗಾಂಶಕ್ಕೆ ರಕ್ತ ಹರಿಯದೆ ಅದು ಸತ್ತು, ಮೂತ್ರಕೋಶದಿಂದ ಯೋನಿಗೆ ರಂಧ್ರವಾಗುವುದನ್ನು ಫಿಸ್ಟುಲಾ ಎನ್ನುತ್ತಾರೆ. ಆಫ್ರಿಕ, ಏಷ್ಯಾಗಳ ಬಡ ಪ್ರದೇಶಗಳಲ್ಲಿ ಇದರಿಂದಾಗಿ ಗಂಡನಿಂದಲೂ ಊರಿನಿಂದಲೂ ದೂರವಾದ ಹೆಂಗಸರು ಲಕ್ಷಗಟ್ಟಲೆ ಇದ್ದಾರೆ. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ 1970ರ ದಶಕದಿಂದ ಇದಕ್ಕೆಂದೇ ಒಂದು ಆಸ್ಪತ್ರೆ ನಡೆಯುತ್ತಿದೆ. ನಮ್ಮ ಜಿಲ್ಲೆಗಳಲ್ಲಿ ಇದು ಅಪರೂಪವಾದರೂ, ಶಸ್ತ್ರಚಿಕಿತ್ಸೆಯ ವೇಳೆ ಗಾಯವಾಗಿಯೂ ಉಂಟಾಗಬಹುದು. ಬೇಗ ಪತ್ತೆಯಾದ ಸಣ್ಣ ರಂಧ್ರವು ಕ್ಯಾಥೆಟರ್ (ಮೂತ್ರ ಹರಿದುಹೋಗಲು ಮೂತ್ರಕೋಶಕ್ಕೆ ಹಾಕುವ ನಳಿಕೆ) ಇಟ್ಟರೆ ತಾನೇ ಮುಚ್ಚಿಕೊಳ್ಳುವ ಸಾಧ್ಯತೆ ಇರುವುದರಿಂದ ಒಂದು ದಿನವೂ ಕಾಯಬಾರದು.

  

ನೀವು ಕೇಳದಿದ್ದರೂ ಮನಸ್ಸಿನ ವಿಷಯವನ್ನು ಸೇರಿಸುತ್ತೇನೆ. ಮೊದಲ ಎರಡು ವಾರ ಸುಮ್ಮನೆ ಅಳು ಬರುವುದು ಸಾಮಾನ್ಯ. ಅದಕ್ಕೂ ಮೀರಿ ನಿದ್ದೆ, ಹಸಿವು, ಮಗುವಿನ ಮೇಲಿನ ಆಸೆ ಎಲ್ಲವೂ ಹೋದರೆ ಅದು ಖಿನ್ನತೆಯಿರಬಹುದು. ಬಲಿಮೆ (ಪ್ರಶ್ನೆ, ಶಾಸ್ತ್ರ) ನೋಡಿಸಿ ಮಂತ್ರಿಸಿದ ನೂಲು ಕಟ್ಟಿಸಿದರೆ ಮನೆಯವರಿಗೆ ಸಮಾಧಾನವಾಗುವುದಾದರೆ ಆಗಲಿ, ಅದಕ್ಕಾಗಿ ವೈದ್ಯರನ್ನು ಕಾಣುವುದು ತಡವಾಗಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸರದಿ ಬಂದಾಗ ಸಮಯ ಕಡಿಮೆ ಸಿಗುತ್ತದೆ. ಆದ್ದರಿಂದ ಯಾವಾಗ ಸೋರುತ್ತದೆ, ದಿನಕ್ಕೆ ಎಷ್ಟು ಬಟ್ಟೆ ಬದಲಾಯಿಸಬೇಕಾಗುತ್ತದೆ, ಉರಿ ಇದೆಯೇ, ಕೆಳಗೆ ಏನೋ ಜಾರಿದಂತೆ ಅನಿಸುತ್ತದೆಯೇ, ಹೆರಿಗೆಯಲ್ಲಿ ಮಗುವನ್ನು ಹೊರತೆಗೆಯಲು ಇಕ್ಕಳ (ಫೋರ್ಸೆಪ್ಸ್) ಬಳಸಿದ್ದರೇ, ಮಗುವಿನ ತೂಕ ಎಷ್ಟಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ತಾಯಿ ಕಾರ್ಡನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಜೊತೆಗೆ ಒಯ್ಯಲು ಹೇಳಿ. ನೀವು ಹೊರಗೆ ಮಗುವನ್ನು ಹಿಡಿದುಕೊಂಡಿದ್ದರೆ ಅಕ್ಕ ಒಳಗೆ ನಿಶ್ಚಿಂತೆಯಿಂದ ಮಾತನಾಡಬಹುದು.