ದಂಡಿನ ಪುರಸಭೆ ಬಗ್ಗೆ ನೀವು ಕಳ್ಸಿದ ಲೇಖನಕ್ಕೆ ನನ್ನ ಉತ್ತರ

ನಮಸ್ಕಾರ. ಬೆಂಗಳೂರು ದಂಡಿನ, ಅಂದ್ರೆ ಬ್ರಿಟಿಷ್ ಸೈನ್ಯ ನೆಲೆಸಿದ್ದ ಕಂಟೋನ್ಮೆಂಟಿನ, ಪುರಸಭೆ ಬಗ್ಗೆ ನೀವು ಕಳ್ಸಿದ ಹದಿನಾಲ್ಕು ಪುಟ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ದಯವಿಟ್ಟು ಈ ವಿಷಯ ಮಾತ್ರ ಬಿಡ್ಬೇಡಿ, ಯಾಕಂದ್ರೆ ಈ ಊರಲ್ಲಿ ಎಂಬತ್ತೇಳು ವರ್ಷ ಎರಡೆರಡು ಪುರಸಭೆ ಅಕ್ಕಪಕ್ಕ ನಡೀತಿತ್ತು ಅನ್ನೋದೇ ಇವತ್ತು ಬಹಳಷ್ಟು ಜನಕ್ಕೆ ಗೊತ್ತಿಲ್ಲ.

ಮೊದಲ ನಾಲ್ಕು ಪುಟ ಪೂರ್ತಿ ತೆಗೀರಿ. 1537, ಕೆಂಪೇಗೌಡರು, ಟಿಪ್ಪು, ಶ್ರೀರಂಗಪಟ್ಟಣ, ಆಮೇಲೆ 1809ರಲ್ಲಿ ದಂಡು ಬಂತು, ಇದೆಲ್ಲ ಓದುಗರಿಗೆ ಗೊತ್ತಿರೋದೇ, ಬೆಂಗಳೂರಿನ ಬಗ್ಗೆ ಏನೇ ಬರೆದ್ರೂ ಎಲ್ರೂ ಇಲ್ಲಿಂದಾನೇ ಶುರು ಮಾಡ್ತಾರೆ. ನಿಮ್ಮ ಕಥೆ ನಿಜವಾಗ್ಲೂ ಶುರುವಾಗೋದು 1862ರಲ್ಲಿ. ಆ ವರ್ಷ ಮಾರ್ಚಲ್ಲಿ ಪೇಟೆಗೆ, ಅಂದ್ರೆ ಹಳೇ ಊರಿಗೆ, ಒಂದು ಮುನಿಸಿಪಲ್ ಬೋರ್ಡು, ಆಗಸ್ಟಲ್ಲಿ ದಂಡಿಗೆ ಇನ್ನೊಂದು, ಎರಡೂ 1850ರ ಒಂದೇ ಕಾಯ್ದೆ ಕೆಳಗೆ, ಎರಡಕ್ಕೂ ಮೇಲಿದ್ದೋರು ಮೈಸೂರಿನ ಬ್ರಿಟಿಷ್ ಕಮಿಷನರೇ. ಐದೇ ತಿಂಗಳ ಅಂತರದಲ್ಲಿ ಹುಟ್ಟಿದ ಅಕ್ಕ ತಂಗಿ ಥರ ಇದ್ವು. ಇದನ್ನ ನೀವು ಆರನೇ ಪುಟದಲ್ಲಿ ಒಂದೇ ಸಾಲಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೀರಿ!

ಇನ್ನು ತಪ್ಪುಗಳು. "1881ರ ನಂತರ ದಂಡು ಬ್ರಿಟಿಷ್ ಇಂಡಿಯಾದ ಭಾಗವಾಯಿತು" ಅಂತ ಬರ್ದಿದ್ದೀರಿ. ಅಲ್ಲ. ಆ ವರ್ಷ ರಾಜ್ಯ ವಾಪಸ್ ಒಡೆಯರಿಗೆ ಬಂತು, ದಂಡಿನ ಜಾಗವೂ ಮೈಸೂರಿನದ್ದೇ ಆಗಿ ಉಳೀತು, ಆದ್ರೆ ಅದರ ಆಡಳಿತವನ್ನ ಮಾತ್ರ ಬ್ರಿಟಿಷರಿಗೆ ವಹಿಸಿಕೊಟ್ರು. ಅದಕ್ಕೇ ಅದನ್ನ ಅಸೈನ್ಡ್ ಟ್ರ್ಯಾಕ್ಟ್ ಅಂತಿದ್ರು, ಸರ್ಕಾರಿ ಹೆಸರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ನೆಲ ಮಹಾರಾಜರದ್ದು, ಅಧಿಕಾರ ರೆಸಿಡೆಂಟರದ್ದು, ಅಂದ್ರೆ ಮೈಸೂರಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯದ್ದು. ಇದು ಸಣ್ಣ ಟೆಕ್ನಿಕಲ್ ವಿಷಯ ಅಂದ್ಕೋಬೇಡಿ, ನಿಮ್ಮ ಲೇಖನ ಪೂರ್ತಿ ನಿಂತಿರೋದೇ ಇದರ ಮೇಲೆ. ಒಂದೇ ಊರಲ್ಲಿ ನಡ್ಕೊಂಡು ಹೋಗ್ತಾ ಹೋಗ್ತಾ ಕಬ್ಬನ್ ಪಾರ್ಕ್ ದಾಟಿದ್ರೆ ಕಾನೂನು ಬೇರೆ, ಕೋರ್ಟು ಬೇರೆ, ಪುರಸಭೆ ಬೇರೆ, ಅಂಥ ಕಡೆ ಬಾಳೋದು ಹೆಂಗಿರತ್ತೆ ಅಂತ ಓದೋರಿಗೆ ಅನ್ನಿಸ್ಬೇಕು, ನಿಮ್ಮ ಬರಹದಲ್ಲಿ ಅದು ಅನ್ನಿಸ್ತಿಲ್ಲ.

ಯಾಕೆ ಅನ್ನಿಸ್ತಿಲ್ಲ ಅಂದ್ರೆ ನೀವು ಬರೀ ಸಾಹೇಬರ ಪಟ್ಟಿ ಕೊಟ್ಟಿದ್ದೀರಿ. ಯಾವ ರೆಸಿಡೆಂಟ್ ಯಾವಾಗ ಬಂದ್ರು, ಯಾವಾಗ ಹೋದ್ರು. ಪುರಸಭೆಯ ಇತಿಹಾಸ ಸಿಗೋದು ನಲ್ಲಿ, ಚರಂಡಿ, ಮಾರ್ಕೆಟ್ಟು, ಮನೆ ಕಂದಾಯ ಇಂಥದ್ರಲ್ಲಿ. ಸ್ಯಾಂಕಿ ಕೆರೆ 1882ರಲ್ಲಿ ಕಟ್ಟಿದ್ದು ದಂಡಿನ ನೀರಿಗೋಸ್ಕರ. ಪೇಟೆಗೆ ಹೆಸರಘಟ್ಟದಿಂದ ನೀರು ಬರೋದು ಅದಾಗಿ ಸುಮಾರು ಹನ್ನೆರಡು ವರ್ಷಕ್ಕೆ, 1890ರ ದಶಕದ ನಡುವೆ. ಎರಡು ಕಡೆ ಎರಡು ಕೆರೆ, ಎರಡು ಲೆಕ್ಕ. ಆಮೇಲೆ 1898ರ ಪ್ಲೇಗು, ಅದನ್ನ ಮುಟ್ಟೇ ಇಲ್ವಲ್ಲ ನೀವು? ಆ ರೋಗಕ್ಕೆ ಪೇಟೆ, ದಂಡು ಅನ್ನೋ ಗಡಿ ಇರ್ಲಿಲ್ಲ, ಆದ್ರೆ ಅದಕ್ಕೆ ಉತ್ತರ ಕೊಟ್ಟಿದ್ದು ಎರಡು ಬೇರೆ ಆಡಳಿತ. ಈ ಕಡೆ ಬಸವನಗುಡಿ, ಮಲ್ಲೇಶ್ವರ ಬೆಳೆದ್ವು, ಆ ಕಡೆ ಕಿಷ್ಕಿಂಧೆಯಾಗಿದ್ದ ಬ್ಲ್ಯಾಕ್‌ಪಳ್ಳಿಯ ಜನದಟ್ಟಣೆ ಕಮ್ಮಿ ಮಾಡೋಕೆ 1910ರ ಹೊತ್ತಿಗೆ ಫ್ರೇಜರ್ ಟೌನ್ ಎದ್ದಿತು, ಅಲ್ಲಿ ಇಲಿ ನುಗ್ಗದ ಹಾಗೆ ಮನೆ ಕಟ್ಟೋಕೆ ನೋಡಿದ್ರು. ಇಲಿ ನುಗ್ಗದ ಮನೆ! ಇದರ ಸುತ್ತಾನೇ ಒಂದು ಪುಟ ಬರೀಬಹುದು, ನಾನಾಗಿದ್ರೆ ಬರೀತಿದ್ದೆ. ಬ್ಲ್ಯಾಕ್‌ಪಳ್ಳಿ ಅಂದ್ರೆ ಈಗಿನ ಶಿವಾಜಿನಗರ ಅಂತಾನೂ ಅಲ್ಲೇ ಹೇಳಿ, ಇಲ್ದಿದ್ರೆ ಇವತ್ತಿನ ಹುಡುಗರಿಗೆ ಜಾಗ ಗೊತ್ತಾಗಲ್ಲ. ರಸೆಲ್ ಮಾರ್ಕೆಟ್ಟು ದಂಡಿನ ಮುನಿಸಿಪಲ್ ಕಮಿಷನರ್ ಒಬ್ಬರ ಹೆಸರಲ್ಲಿರೋದು. ಅಲ್ಲಿ ಹೋಗಿ ಒಂದು ಬೆಳಗ್ಗೆ ನಿಂತ್ಕೊಂಡು ನೋಡ್ಬಿಟ್ಟು ಬರೀರಿ, ಇಲ್ಲದಿರೋ ಪುರಸಭೆ ಬಿಟ್ಟುಹೋದ ಕಟ್ಟಡ ಇನ್ನೂ ದಿನಾ ವ್ಯಾಪಾರ ಮಾಡ್ತಿದೆ ಅಲ್ಲಿ.

ಭಾಷೆ ಬಗ್ಗೆ ಒಂದು ಮಾತು. ಹದಿನಾಲ್ಕು ಪುಟದಲ್ಲಿ "ಕಂಟೋನ್ಮೆಂಟ್ ಪ್ರದೇಶ" ಅಂತ ನೂರು ಸಲ ಬಂದಿದೆ, "ದಂಡು" ಅನ್ನೋದು ಒಂದೇ ಒಂದು ಸಲ. ಪೇಟೆ ಕಡೆ ಕನ್ನಡದೋರು ಅದನ್ನ ದಂಡು ಅಂತಾನೇ ಕರೀತಿದ್ದಿದ್ದು, ನಮ್ಮಜ್ಜಿ ಚಿಕ್ಕಪೇಟೆಯಿಂದ ಹೊರಡೋವಾಗ "ದಂಡಿಗೆ ಹೋಗಿ ಬರ್ತೀನಿ ಕಣೋ" ಅನ್ನೋರು ಬೇರೆ ಊರಿಗೆ ಹೋಗೋ ಹಾಗೆ, ರೈಲ್ವೆ ಸ್ಟೇಷನ್ ಬೋರ್ಡಲ್ಲಿ ಇವತ್ತಿಗೂ ಬೆಂಗಳೂರು ದಂಡು ಅಂತಿದೆ. ಅಂಥ ಪದ ಕೈಯಲ್ಲಿ ಇಟ್ಕೊಂಡು ಯಾಕೆ ಬಳಸ್ಲಿಲ್ಲ ನೀವು?

ನನಗೆ ಎಲ್ಲಕ್ಕಿಂತ ಬೇಜಾರಾಗಿದ್ದು ನಿಮ್ಮ ಕೊನೆ ಭಾಗ. "1947ರಲ್ಲಿ ದಂಡಿನ ಪುರಸಭೆ ಅಂತ್ಯಗೊಂಡಿತು" ಅಂತ ಮುಗ್ಸಿದ್ದೀರಿ. ಮುಗೀಲಿಲ್ಲ ಅದು. 1947ರ ಜುಲೈ 26ಕ್ಕೆ ದಂಡು ಮೈಸೂರಿಗೆ ವಾಪಸ್ ಬಂತು, ಸ್ವಾತಂತ್ರ್ಯಕ್ಕೆ ಇನ್ನೂ ಇಪ್ಪತ್ತು ದಿನ ಇತ್ತು ಆಗ. ಎರಡು ಪುರಸಭೆ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರ ಡಿಸೆಂಬರ್ 8ಕ್ಕೆ. ಮಧ್ಯೆ ಎರಡು ವರ್ಷದ ಮೇಲೆ ನಾಲ್ಕು ತಿಂಗಳು ರೆಸಿಡೆಂಟ್ ಇಲ್ಲ, ಪುರಸಭೆ ಇದೆ. ಆ ನಡುವೆ 1948ರಲ್ಲಿ ಸೌತ್ ಪರೇಡ್ ಹೋಗಿ ಮಹಾತ್ಮ ಗಾಂಧಿ ರಸ್ತೆ ಆಯ್ತು. ಸೈನ್ಯದ ಜಾಗಗಳು ಸೈನ್ಯದ ಹತ್ರಾನೇ ಉಳಿದ್ವು, ಹಲಸೂರು ಕೆರೆ ಸುತ್ತ ಇವತ್ತಿಗೂ ನೋಡ್ಬಹುದು. ಹೆಸರು ಬದಲಾಗ್ತಿದೆ, ಮೇಲಿನ ಸಾಹೇಬರು ಹೋಗಿದ್ದಾರೆ, ಕಸ ಗುಡಿಸೋರು, ಬಿಲ್ ಕಲೆಕ್ಟರ್‌ಗಳು ಅದೇ ಕೆಲಸ ಮಾಡ್ತಿದ್ದಾರೆ, ಮುಂದೆ ಯಾರ ಕೈಗೆ ಹೋಗ್ತೀವೋ ಅಂತ ಅವರಿಗೆ ಅನ್ನಿಸಿರಲ್ವಾ? ನನ್ನ ಕೇಳಿದ್ರೆ ನಿಮ್ಮ ಲೇಖನದ ಅರ್ಧಭಾಗ ಈ ಇಪ್ಪತ್ತೆಂಟು ತಿಂಗಳೇ ಇರ್ಬೇಕು.

ಕೊನೆ ಪ್ಯಾರಾದಲ್ಲಿ 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದ್ದನ್ನ ತಂದು "ಇತಿಹಾಸ ಮರುಕಳಿಸಿದೆ" ಅಂತ ಬರ್ದಿದ್ದೀರಲ್ಲ, ಅದನ್ನ ಹೊಡೆದ್ಹಾಕಿ. ಮರುಕಳಿಸಿಲ್ಲ. ಅವತ್ತು ಇಬ್ಬರು ಬೇರೆ ಬೇರೆ ಯಜಮಾನರಿದ್ರು ಅಂತ ಊರು ಎರಡಾಗಿತ್ತು, ಈಗ ಊರು ಕೈಗೆ ಸಿಗದಷ್ಟು ದೊಡ್ಡದಾಯ್ತು ಅಂತ ಒಂದೇ ಸರ್ಕಾರ ಒಂದೇ ಕಾಯ್ದೆಯಲ್ಲಿ ಐದು ಮಾಡಿದೆ, ಮೇಲೊಂದು ಪ್ರಾಧಿಕಾರಾನೂ ಇಟ್ಟಿದೆ. ಹೋಲಿಸ್ಲೇಬೇಕು ಅಂದ್ರೆ 2007ನ್ನ ಹೋಲಿಸಿ: ಆಗ ಯಲಹಂಕ, ಬೊಮ್ಮನಹಳ್ಳಿ ಥರ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲಾ ಒಂದಕ್ಕೇ ಸೇರಿದ್ವು, 1949ರ ಹಾಗೇನೆ ಸಣ್ಣಸಣ್ಣ ಪುರಸಭೆಗಳು ದೊಡ್ಡದರೊಳಗೆ ಕರಗಿದ್ವು. ಅದು ಒಪ್ಪುವ ಹೋಲಿಕೆ, ಆದ್ರೆ ಅದಕ್ಕೆ ಬೇರೇನೇ ಲೇಖನ ಬೇಕು.

ಆರು ಪುಟಕ್ಕೆ ಇಳ್ಸಿ ಮತ್ತೆ ಕಳ್ಸಿ. ದಿನಾಂಕ ಇರೋ ಕಡೆಯೆಲ್ಲ ಇನ್ನೊಂದ್ಸಲ ಪರಿಶೀಲಿಸಿ, ರಸೆಲ್ ಮಾರ್ಕೆಟ್ಟಿಗೆ ಹೋಗೋದಾದ್ರೆ ಮೊದ್ಲೇ ಒಂದು ಮೆಸೇಜ್ ಹಾಕಿ, ನಾನೂ ಬರ್ತೀನಿ.