ಆ ಹಡಗುಗಳನ್ನು ರೂಪಿಸಿದವರು ಯಾರು?

ಪ್ರಶ್ನೆ: ನಮ್ಮ ಕೊಡಗಿನ ಕಾಡಿನ ಪೂನ್‌ಸ್ಪಾರ್ ಮರ ಹಡಗಿನ ಕೂವೆಕಂಬಕ್ಕೆ ಹೋಗುತ್ತಿತ್ತೆಂದು ಅಜ್ಜ ಹೇಳುತ್ತಿದ್ದರು. ಅಂದಿನಿಂದ ಹಳೆಯ ಹಡಗುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಅಮೆರಿಕದ ಮೊದಲ ಯುದ್ಧನೌಕೆಗಳ ಶಿಲ್ಪಿ ಜೋಶುವಾ ಹಂಫ್ರೀಸ್ ಎಂದು ಕೆಲವರೂ ಜೊಸಾಯ ಫಾಕ್ಸ್ ಎಂದು ಕೆಲವರೂ ಬರೆಯುತ್ತಾರೆ. ಯಾರನ್ನು ನಂಬಬೇಕು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಉತ್ತರ ಆಫ್ರಿಕದ ಅಲ್ಜೀರ್ಸ್‌ನವರು ಅಮೆರಿಕದ ವ್ಯಾಪಾರಿ ಹಡಗುಗಳನ್ನು ಸೆರೆಹಿಡಿಯುತ್ತಿದ್ದುದರಿಂದ ಅಮೆರಿಕನ್ನರು 1794ರ ಮಾರ್ಚ್ 27ರ ಕಾಯಿದೆಯ ಮೂಲಕ ಫ್ರಿಗೇಟ್ ಎಂಬ ವೇಗದ, ಮಧ್ಯಮ ಗಾತ್ರದ ಆರು ಯುದ್ಧನೌಕೆಗಳನ್ನು ಕಟ್ಟಲು ಹೊರಟರು. ಯುರೋಪಿನ ಯಾವುದೇ ಫ್ರಿಗೇಟನ್ನು ಸೋಲಿಸುವಷ್ಟು ಬಲವಾದ, ಅದಕ್ಕೂ ದೊಡ್ಡ ಹಡಗು ಎದುರಾದರೆ ತಪ್ಪಿಸಿಕೊಳ್ಳುವಷ್ಟು ವೇಗದ ನೌಕೆಗಳಿರಬೇಕೆಂಬ ಕಲ್ಪನೆಯನ್ನು ಫಿಲಡೆಲ್ಫಿಯಾದ ಹಂಫ್ರೀಸ್ ಅದಕ್ಕೂ ಮುಂಚೆ, 1793ರಲ್ಲೇ, ಪತ್ರದಲ್ಲಿ ಬರೆದಿದ್ದರು. ಆದ್ದರಿಂದ ಮೂಲ ಕಲ್ಪನೆ ಅವರದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಇಂಗ್ಲೆಂಡಿನ ಫಾಲ್ಮತ್‌ನಿಂದ ಬಂದಿದ್ದ ಫಾಕ್ಸ್ ನುರಿತ ನಕ್ಷೆಗಾರರಾಗಿದ್ದರು. ಹಂಫ್ರೀಸ್‌ರ ವಿನ್ಯಾಸ ಅತಿ ಉದ್ದವೆಂಬುದು ಅವರ ಆಕ್ಷೇಪ. ಯುದ್ಧ ಇಲಾಖೆಯು ಅವರಿಂದ ಶಿಲ್ಪಿಯ ಕೆಲಸ ಮಾಡಿಸಿಕೊಂಡಿತಾದರೂ ಲೆಕ್ಕದಲ್ಲಿ ಅವರನ್ನು ಗುಮಾಸ್ತರೆಂದೇ ಇರಿಸಿತು. ನನ್ನ ಅಭಿಪ್ರಾಯದಲ್ಲಿ ಜಗಳದ ಬೇರು ಇರುವುದು ಇಲ್ಲಿಯೇ. ಮುಂದೆ ಫಾಕ್ಸ್ ಒಂದು ಪತ್ರಕ್ಕೆ ‘ನೌಕಾ ನಿರ್ಮಾಪಕ’ ಎಂದು ರುಜು ಹಾಕಿದಾಗ, ಇಲಾಖೆಯ ಗುಮಾಸ್ತರಿಂದ ತಾನು ನಿರ್ದೇಶನ ಪಡೆಯುವುದಿಲ್ಲವೆಂದು ಹಂಫ್ರೀಸ್ ಕಟುವಾಗಿ ಉತ್ತರಿಸಿದರು. ಮನೆ ಕಟ್ಟುವಾಗ ಮೇಸ್ತ್ರಿ ಯಾರೆಂದು ಯಜಮಾನನೇ ತೀರ್ಮಾನಿಸದಿದ್ದರೆ ಆಚಾರಿಗಳನ್ನು ದೂರಿ ಫಲವೇನು? ಬಾಲ್ಟಿಮೋರ್‌ನಲ್ಲಿಯೂ ಇದೇ ಕಥೆ: ಆರರಲ್ಲೊಂದಾದ ‘ಕಾನ್‌ಸ್ಟೆಲೇಷನ್’ ಕಟ್ಟುತ್ತಿದ್ದ ಡೇವಿಡ್ ಸ್ಟಾಡರ್‌ಗೂ ಮೇಲ್ವಿಚಾರಕ ಕ್ಯಾಪ್ಟನ್ ಥಾಮಸ್ ಟ್ರಕ್ಸ್‌ಟನ್‌ಗೂ ಹೊಂದಿಕೆಯಾಗಲಿಲ್ಲ.

ಆರರಲ್ಲಿ ಫಾಕ್ಸ್‌ರ ಕೃತಿಯೆಂದು ಹೇಳಬಹುದಾದದ್ದು ಅಮೆರಿಕದ ವರ್ಜೀನಿಯಾದ ನಾರ್ಫೋಕ್ ಬಳಿ ಕಟ್ಟಿದ ‘ಚೆಸಪೀಕ್’ ಒಂದೇ. 44 ತೋಪುಗಳಿಗೆಂದು ಯೋಜಿಸಿದ್ದ ಅದನ್ನು ಅವರು 36 ತೋಪುಗಳ ದರ್ಜೆಯ ಚಿಕ್ಕ ಹಡಗಾಗಿ ಬದಲಿಸಿದರು. ಅದಕ್ಕೆ ಮರದ ಅಭಾವವೂ ಕಾರಣವಾಗಿತ್ತು. ಹಂಫ್ರೀಸ್‌ರ ಕಲ್ಪನೆಯ ‘ಕಾನ್‌ಸ್ಟಿಟ್ಯೂಷನ್’ 1812ರಲ್ಲಿ ಬ್ರಿಟಿಷರ ‘ಗೆರಿಯೇರ್’ ನೌಕೆಯನ್ನು ನುಚ್ಚುನೂರು ಮಾಡಿತು, ಮರುವರ್ಷ ‘ಚೆಸಪೀಕ್’ ಬ್ರಿಟಿಷರ ವಶವಾಯಿತು. ಇದರಿಂದ ಫಾಕ್ಸ್‌ರ ವಿನ್ಯಾಸವೇ ಕೆಟ್ಟದೆಂದು ತೀರ್ಮಾನಿಸುವುದು ಅನ್ಯಾಯ. ಆ ದಿನ ಎದುರಿಗಿದ್ದ ‘ಶ್ಯಾನನ್’ ಹಡಗಿನ ತೋಪಿನವರು ವರ್ಷಗಟ್ಟಲೆ ಪಳಗಿದವರಾಗಿದ್ದರು.

ಮರದ ನಂಟಿನಿಂದಲೇ ಓದಲಾರಂಭಿಸಿದ ತಮಗೆ ಇನ್ನೊಂದು ಸಂಗತಿ ತಿಳಿಸಬೇಕು. ಸೆರೆಯಾದ ‘ಚೆಸಪೀಕ್’ನ್ನು ಇಂಗ್ಲೆಂಡಿನಲ್ಲಿ ಒಡೆದು ಮಾರಿದಾಗ, ಅದರ ತೊಲೆಗಳಿಂದ ಹ್ಯಾಂಪ್‌ಶೈರ್‌ನ ವಿಕಮ್ ಎಂಬಲ್ಲಿ 1820ರಲ್ಲಿ ಹಿಟ್ಟಿನ ಗಿರಣಿಯೊಂದನ್ನು ಕಟ್ಟಿದರು. ಆ ತೊಲೆಗಳು ಇಂದಿಗೂ ಅಲ್ಲಿವೆ.