ಹುಳಕ್ಕೆ ಗೂಡು ಕಟ್ಟೋದು ಹೇಳ್ಕೊಟ್ಟೋರ್ಯಾರು?

ಪ್ರಶ್ನೆ: ಸಾರ್, ನಮ್ದು ಶಿಡ್ಲಘಟ್ಟದ ಹತ್ರ ಹಳ್ಳಿ, ರೇಷ್ಮೆ ಮಾಡ್ತೀವಿ. ಹಣ್ಣಾದ, ಅಂದ್ರೆ ನೂಲೋಕೆ ಸಿದ್ಧವಾದ ಹುಳಾನ ಚಂದ್ರಿಕೆಗೆ (ಗೂಡು ಕಟ್ಟೋ ತಟ್ಟೆಗೆ) ಬಿಟ್ರೆ ಸಾಕು, ತಾನೇ ಗೂಡು ಕಟ್ಕೊಳುತ್ತೆ. ನನ್ ಮಗಳು ಶೂ ಲೇಸ್ ಕಟ್ಟೋದು ಕಲಿಯೋಕೇ ಎಷ್ಟು ದಿನ ತಗೊಂಡ್ಳು! ಹುಳಕ್ಕೆ ಅಷ್ಟು ಬುದ್ಧಿ ಇದ್ಯಾ? ಅದೂ ಏನಾದ್ರೂ ಕಲಿಯುತ್ತಾ?

ಉತ್ತರ: ಗೂಡು ಕಟ್ಟೋದ್ರಲ್ಲಿ ಕಲಿಕೆ ಇಲ್ಲ. ತಲೇನ ಎಂಟರ ಆಕಾರದಲ್ಲಿ ಆಡಿಸ್ತಾ ಎರಡು ಮೂರು ದಿನ ನೂಲು ಬಿಡೋದು ಅದ್ರ ನರಗಳ ಜೋಡಣೇಲೇ ಇದೆ, ಹಣ್ಣಾಗೋ ಹೊತ್ತಿಗೆ ಹಾರ್ಮೋನ್ ಬದಲಾದಾಗ ಶುರುವಾಗುತ್ತೆ. ಸರಿಯಾಗಿ ಕಟ್ಟದೇ ಇರೋವು ಸತ್ವು, ಕಟ್ಟಿದ್ದರ ಸಂತಾನ ಉಳೀತು, ಲಕ್ಷಾಂತರ ವರ್ಷ ಹಿಂಗೇ ನಡ್ದಿದೆ. ಜೀವಮಾನದಲ್ಲಿ ಒಂದೇ ಸಲ ಮಾಡೋ ಕೆಲಸಕ್ಕೆ ಪ್ರಾಕ್ಟೀಸ್ ಎಲ್ಲಿಂದ ಬರ್ಬೇಕು ಹೇಳಿ.

ಗೂಡಿಂದ ಹೊರಬಂದ ಗಂಡು ಚಿಟ್ಟೆ ನೋಡಿ, ಇನ್ನೂ ಮಜಾ. ಹೆಣ್ಣಿನ ವಾಸನೆ ಸಿಕ್ಕಿದ್ದೇ ತಡ ರೆಕ್ಕೆ ಪಟಪಟ ಬಡ್ಕೊಂಡು ಅತ್ತ ಇತ್ತ ತಿರುಗ್ತಾ ನಡ್ಕೊಂಡೇ ಹೋಗುತ್ತೆ. ಆ ವಾಸನೆ ವಸ್ತು ಬಾಂಬಿಕಾಲ್, ಅದನ್ನ 1959ರಲ್ಲಿ ಜರ್ಮನಿಯ ವಿಜ್ಞಾನಿ ಬ್ಯೂಟನಾಂಟ್ ತಂಡ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಬೇರೆ ಮಾಡಿ ಗುರುತಿಸ್ತು. ಸುಮಾರು 5000 ವರ್ಷ ಮನುಷ್ಯರೇ ಸೊಪ್ಪು ಹಾಕಿ ಸಾಕಿದ್ರಿಂದ ಹಾರೋದು ಹೋಯ್ತು, ಆದ್ರೆ ಹೆಣ್ಣನ್ನ ಹುಡ್ಕೋ ನರಗಳು ಮಾತ್ರ ಹೋಗ್ಲಿಲ್ಲ, ಹೋಗಿದ್ರೆ ನಿಮಗೆ ಮೊಟ್ಟೇನೇ ಸಿಗ್ತಿರ್ಲಿಲ್ಲ!

ನಿಮ್ಮ ಮಗಳ ವಿಷ್ಯ ಬೇರೆ. ಮನುಷ್ಯರ ಮಗು ಹುಟ್ಟಿದಾಗ ಮಿದುಳು ದೊಡ್ಡೋರದ್ರ ಕಾಲು ಭಾಗದಷ್ಟು ತೂಕ ಇರುತ್ತೆ ಅಷ್ಟೇ, ಮಿಕ್ಕಿದ್ದು ನೋಡ್ತಾ ಮುಟ್ತಾ ಬೀಳ್ತಾ ಏಳ್ತಾ ಬೆಳೆಯೋದು. ಈ ಬೆಳವಣಿಗೆಗೂ ಒಂದು ವಯಸ್ಸಿದೆ. 1960ರ ದಶಕದಲ್ಲಿ ಹ್ಯೂಬೆಲ್, ವೀಸೆಲ್ ಅನ್ನೋ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿಟ್ಟು ಆಮೇಲೆ ಬಿಚ್ಚಿದ್ರು. ಕಣ್ಣು ಚೆನ್ನಾಗೇ ಇತ್ತು, ಮಿದುಳು ಮಾತ್ರ ಆ ಕಣ್ಣಿನ ಮಾತೇ ಕೇಳ್ಲಿಲ್ಲ. ದೊಡ್ಡ ಬೆಕ್ಕಿಗೆ ಹಂಗೇ ಮಾಡಿದ್ರೆ ಏನೂ ಆಗ್ಲಿಲ್ಲ. ಅದಕ್ಕೇ ಹುಟ್ಟುತ್ಲೇ ಕಣ್ಣಲ್ಲಿ ಪೊರೆ ಇರೋ ಮಗೂಗೆ ಬೇಗ ಆಪರೇಷನ್ ಮಾಡ್ಸಿ ಅಂತ ಡಾಕ್ಟ್ರು ಅವಸರ ಮಾಡೋದು.

ಇನ್ನು ಹುಳ ಕಲಿಯುತ್ತಾ ಅಂದ್ರಲ್ಲ, ಅಮೆರಿಕದಲ್ಲಿ ವಿಜ್ಞಾನಿಗಳು ತಂಬಾಕು ಗಿಡ ತಿನ್ನೋ ಹುಳಕ್ಕೆ ಒಂದು ವಾಸನೆ ತೋರ್ಸಿ ಜೊತೇಲೇ ಸಣ್ಣ ಶಾಕ್ ಕೊಟ್ರು, ಅದು ಆ ವಾಸನೆ ಕಂಡ್ರೆ ದೂರ ಹೋಗೋಕೆ ಶುರು ಮಾಡ್ತು. 2008ರಲ್ಲಿ ಬಂದ ಫಲಿತಾಂಶ ಏನಂದ್ರೆ, ಕಡೇ ಹಂತದಲ್ಲಿ, ಅಂದ್ರೆ ನಿಮ್ಮ ಲೆಕ್ಕದಲ್ಲಿ ನಾಲ್ಕನೇ ಜ್ವರದಿಂದ (ಹುಳ ಮೇವು ಬಿಟ್ಟು ಚರ್ಮ ಕಳಚೋ ಹೊತ್ತು) ಎದ್ದ ಮೇಲೆ ಕಲ್ತಿದ್ದು ಚಿಟ್ಟೆಯಾದ್ಮೇಲೂ ನೆನಪಿತ್ತು. ಹುಳ ಚಿಟ್ಟೆಯಾಗೋ ಕೋಶದ ಹಂತದಲ್ಲಿ ಎಷ್ಟೋ ನರಗಳು ಕಳಚಿ ಹೊಸದಾಗಿ ಬೆಳೆದ್ರೂ! ಎರಡನೇ ಜ್ವರದಿಂದ ಎದ್ದಾಗ ಕಲ್ಸಿದ್ದು ಮಾತ್ರ ಚಿಟ್ಟೆಗೆ ಉಳೀಲಿಲ್ಲ, ನೆನಪಿಡೋ ಭಾಗದಲ್ಲಿ ತಡವಾಗಿ ಹುಟ್ಟಿದ ನರಗಳಷ್ಟೇ ಹಾಗೇ ದಾಟಿ ಬರೋದ್ರಿಂದ ಇರ್ಬಹುದು ಅಂತ ಅವ್ರ ಊಹೆ.